ಡಿಪ್ಲೊಮಾ ಆದಮೇಲೆ ಕೆಲಸ ಬಿಟ್ಟು ಬಿಇ ಸೇರಬೇಕಾ?

ಸಿವಿಲ್ ಡಿಪ್ಲೊಮಾ ಮುಗಿಸಿ ಮೂರು ವರ್ಷ ಸೈಟ್‌ನಲ್ಲಿದ್ದೀರಿ, ಸಂಬಳ 18 ಸಾವಿರದಲ್ಲೇ ನಿಂತಿದೆ ಅಂದಿದ್ದೀರಿ. ಬಹುಶಃ ಅದು ನಿಂತಿರುವುದು ಡಿಗ್ರಿ ಇಲ್ಲದ್ದಕ್ಕಲ್ಲ, ಅದೇ ಸೂಪರ್‌ವೈಸರ್ ಕೆಲಸದಲ್ಲಿ ಉಳಿದಿದ್ದಕ್ಕೆ. ನನಗೂ ಹಾಗೇ ಆಗಿತ್ತು.

ಮೊದಲು ಮುಂದಿನ ಹುದ್ದೆ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಲೋಕೋಪಯೋಗಿ ಇಲಾಖೆಯ ಜೆಇ (ಕಿರಿಯ ಎಂಜಿನಿಯರ್) ಹುದ್ದೆಗೆ ಡಿಪ್ಲೊಮಾ ಸಾಕು. ನೇರ ನೇಮಕಾತಿಯಲ್ಲಿ ಎಇ (ಸಹಾಯಕ ಎಂಜಿನಿಯರ್) ಆಗಲು ಬಿಇ ಬೇಕೇ ಬೇಕು. ಖಾಸಗಿ ಕೆಲಸ ಆದರೆ ಹತ್ತು ಜಾಹೀರಾತು ತೆಗೆದು, ಎಷ್ಟರಲ್ಲಿ ಬಿಇ ಕೇಳಿದ್ದಾರೆ ಎಣಿಸಿ. ನಾನು ಎಣಿಸಿದಾಗ ಬಿಲ್ಲಿಂಗ್ ಕೆಲಸಕ್ಕೆ ಅನುಭವವನ್ನೇ ಜಾಸ್ತಿ ಕೇಳಿದ್ದರು. ಅಳತೆ ಪುಸ್ತಕ ಬರೆಯೋದು, ಎಕ್ಸೆಲ್‌ನಲ್ಲಿ ಬಿಲ್ ಮಾಡೋದು ಕಲಿತು ಅತ್ತ ಹೋದೆ.

ಬಿಇ ಬೇಕೇ ಬೇಕು ಅಂತಾದರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ, ಅಂದರೆ ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ ಬರೆಯಿರಿ. ನೇರ ಎರಡನೇ ವರ್ಷಕ್ಕೆ ಸೇರಬಹುದು, ಓದು 3 ವರ್ಷ. ಖರ್ಚಿನ ಲೆಕ್ಕಕ್ಕೆ ಫೀಸಿನ ಜೊತೆ ಕೈಬಿಡುವ 36 ತಿಂಗಳ ಸಂಬಳವನ್ನೂ ಸೇರಿಸಿ. ಅದೇ 6,48,000 ರೂಪಾಯಿ, ಎಲ್ಲರೂ ಮರೆಯೋದು ಇದನ್ನೇ. ಹತ್ತಿರದಲ್ಲಿ ಸಂಜೆ ಬಿಇ ಇದ್ದರೆ ಮೊದಲು ಅದನ್ನು ವಿಚಾರಿಸಿ. ಸೈಟ್‌ನಿಂದ ಹೊತ್ತಿಗೆ ಸರಿಯಾಗಿ ಬಿಡುತ್ತಾರಾ ಅನ್ನೋದನ್ನು ನೀವೇ ಕೇಳಿಕೊಳ್ಳಬೇಕು. ಸೀಟು ಕೈಗೆ ಬರುವ ತನಕ ಕೆಲಸ ಮಾತ್ರ ಬಿಡಬೇಡಿ.