ಮನೆ ರಿಪೇರಿ: ಕಂಟ್ರಾಕ್ಟರ್ ಹೊಣೆ ಎಲ್ಲಿಯವರೆಗೆ?

ಪ್ರಶ್ನೆ: ನಮ್ಮದು ಹಳೆಯ ಹೆಂಚಿನ ಮನೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ. ಮಲಗುವ ಕೋಣೆಗೆ ಹೊಸ ಬಚ್ಚಲು, ಅಡುಗೆಮನೆ ಮತ್ತು ಊಟದ ಕೋಣೆ ನಡುವಿನ ಗೋಡೆ ತೆಗೆಯುವುದು, ಹಿಂದಿನ ಮಾಡಿಗೆ ಹೊಸ ಹೆಂಚು, ಇಷ್ಟನ್ನೂ ಮೆಟೀರಿಯಲ್ ಸಮೇತ ಒಬ್ಬರಿಗೇ ಕಂಟ್ರಾಕ್ಟ್ ಕೊಟ್ಟಿದ್ದೇವೆ. ಬಚ್ಚಲು ಮುಗಿದಿದೆ. ಆದರೆ ಅದರ ಆಚೆ ಬದಿಯ ಗೋಡೆ ಒದ್ದೆಯಾಗುತ್ತಿದೆ. ಪ್ಲಂಬರ್ ಟೈಲ್ಸ್‌ನವರನ್ನು ದೂರುತ್ತಾರೆ, ಟೈಲ್ಸ್‌ನವರು ಪ್ಲಂಬರನ್ನು. ಕಂಟ್ರಾಕ್ಟರು ‘ಅವರನ್ನೇ ಕೇಳಿ’ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ನಾಪೋಕ್ಲು

ಉತ್ತರ: ನೀವು ಅವರಿಬ್ಬರನ್ನು ಕೇಳಬೇಕಾಗಿಲ್ಲ. ಪ್ಲಂಬರು, ಗಾರೆಯವರು, ಟೈಲ್ಸ್‌ನವರನ್ನು ಕರೆತಂದು ಕೂಲಿ ಕೊಟ್ಟವರು ಕಂಟ್ರಾಕ್ಟರು. ಒಬ್ಬರ ಕೆಲಸ ಮುಗಿದು ಇನ್ನೊಬ್ಬರದು ಶುರುವಾಗುವ ಜಾಗದಲ್ಲಿ ನಿಂತು ಪರೀಕ್ಷೆ ಮಾಡುವುದೇ ಅವರ ಮುಖ್ಯ ಕೆಲಸ. ನೀವು ಕೊಡುವ ಲಾಭದ ಹಣ ಅದಕ್ಕಾಗಿಯೇ. ತಪ್ಪು ಯಾರದೇ ಇರಲಿ, ಒಡೆದು ಸರಿಮಾಡಿ ಟೈಲ್ಸ್ ಮತ್ತೆ ಹಾಕಿಸುವುದು ಅವರ ಖರ್ಚು. ನೀವೇ ಬೇರೆ ಪ್ಲಂಬರನ್ನು ಕರೆಸಿದ್ದರೆ ಮಾತ್ರ ಲೆಕ್ಕ ಬೇರೆ.

ಒಡೆಯುವ ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂದು ಪತ್ತೆ ಹಚ್ಚಿ. ಇದನ್ನು ಮಳೆ ಇಲ್ಲದ ದಿನಗಳಲ್ಲೇ ಮಾಡಿ. ನಮ್ಮ ಕಡೆ ಜೂನ್‌ನಿಂದ ಹೊರಗೋಡೆಯೂ ನೀರು ಕುಡಿಯುವುದರಿಂದ ಆಗ ಯಾವುದರ ಒದ್ದೆ ಯಾವುದೆಂದು ತಿಳಿಯುವುದಿಲ್ಲ. ಒದ್ದೆಯ ಅಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಎರಡು ದಿನ ಬಚ್ಚಲು ಬಳಸಬೇಡಿ, ಪೈಪಿನಲ್ಲಿ ನೀರು ಮಾತ್ರ ಇರಲಿ. ಆಗಲೂ ಒದ್ದೆ ಗೆರೆ ದಾಟಿದರೆ ನಲ್ಲಿಗೆ ಬರುವ ಪೈಪಿನ ಜಾಯಿಂಟ್ ಸೋರುತ್ತಿದೆ. ಗೋಡೆ ಒಣಗುತ್ತಾ ಬಂದರೆ ನೀರು ಹೋಗುವ ತೂತಿಗೆ ಬಿರಡೆ ಬಿಗಿದು, ಬಾಗಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ. 24 ಗಂಟೆಯಲ್ಲಿ ಮಟ್ಟ ಇಳಿದು ಗೋಡೆ ಮತ್ತೆ ಒದ್ದೆಯಾದರೆ ಟೈಲ್ಸ್ ಅಡಿಯ ವಾಟರ್‌ಪ್ರೂಫಿಂಗ್ ಕೆಟ್ಟಿದೆ. ಮಟ್ಟ ಇಳಿಯದೆ, ಬಿರಡೆ ತೆಗೆದು ನೀರು ಹರಿಸಿದ ಮೇಲೆ ಒದ್ದೆ ಕಂಡರೆ ಹೊರಹೋಗುವ ಪೈಪಿನದೇ ತೊಂದರೆ. ಈ ಪರೀಕ್ಷೆಗಳನ್ನು ಟೈಲ್ಸ್ ಹಾಕುವ ಮೊದಲೇ ಕಂಟ್ರಾಕ್ಟರು ಮಾಡಿಸಬೇಕಿತ್ತು. ವಾಟರ್‌ಪ್ರೂಫಿಂಗ್ ನೆಲದಿಂದ ಗೋಡೆಗೆ ಕನಿಷ್ಠ ಒಂದು ಅಡಿ, ಶವರ್ ಇರುವ ಕಡೆ ಆರು ಅಡಿ ಏರಿರಬೇಕು. ನೆಲದ ಇಳಿಜಾರು ಎಂಟು ಅಡಿಗೆ ಒಂದೂವರೆ ಇಂಚಾದರೂ ಇರಲಿ.

ನನಗೆ ಬಚ್ಚಲಿಗಿಂತ ನಿಮ್ಮ ನಡುಗೋಡೆಯದೇ ಹೆಚ್ಚು ಚಿಂತೆ. ಮಾಡಿನ ತೊಲೆ ಅದರ ಮೇಲೆ ಕೂತಿದೆಯೇ ಎಂದು ಅಟ್ಟ ಹತ್ತಿ ನೋಡಿಸಿ. ಕೂತಿದ್ದರೆ ಇಂಜಿನಿಯರ್ ಬಂದು ಬೀಮಿನ ಅಳತೆ ಬರೆದುಕೊಡುವವರೆಗೆ ಒಂದು ಇಟ್ಟಿಗೆಯನ್ನೂ ಕೀಳಲು ಬಿಡಬೇಡಿ. ಅವರನ್ನು ಕರೆಸುವ ಹೊಣೆ ಯಾರದೆಂದು ಕರಾರಿನಲ್ಲಿ ಬರೆದಿಲ್ಲದಿದ್ದರೆ ಈಗಲೇ ಬರೆಸಿ. ಕೆಲಸದ ಕ್ರಮ ಇದು: ಗೋಡೆಯ ಮೇಲ್ಭಾಗದಲ್ಲಿ ಸುಮಾರು ಮೂರು ಅಡಿಗೊಂದು ತೂತು ಕೊರೆದು ಅಡ್ಡ ತೊಲೆ ತೂರಿಸಿ, ಎರಡೂ ಬದಿಗೆ ಜಾಕಿ ಕೊಡಬೇಕು. ಜಾಕಿಯ ಅಡಿ ದಪ್ಪ ಹಲಗೆ ಇರಬೇಕು. ಇಂಥ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಕೆಳಗೆ ಹೆಚ್ಚಾಗಿ ಬರೀ ಮಣ್ಣು, ಹಲಗೆಯಿಲ್ಲದೆ ಅದು ಕುಸಿಯುತ್ತದೆ. ಆಮೇಲೆ ಗೋಡೆ ಬಿಡಿಸಿ ಬೀಮ್ ಕೂರಿಸುವುದು. ಮಣ್ಣಿನ ಗಾರೆಯ ಗೋಡೆ ಬೀಮಿನ ತುದಿಯ ಭಾರ ತಡೆಯದೆ ಪುಡಿಯಾಗುತ್ತದೆ. ಹಾಗಾಗಿ ಎರಡೂ ತುದಿಗೆ ತಳಪಾಯದಿಂದ ಎದ್ದ ಪಿಲ್ಲರ್ ಬೇಕು. ಪಿಲ್ಲರಿನ ಖರ್ಚು ಉಳಿಸಲು ಹೋದ ಕಡೆಗಳಲ್ಲೇ ಬೀಮಿನ ತುದಿಯಿಂದ ಓರೆಯಾಗಿ ಬಿರುಕು ಇಳಿಯುವುದು. ಆರ್‌ಸಿಸಿ ಬೀಮಾದರೆ, ಹಾಸು (ಎರಡು ಪಿಲ್ಲರ್ ನಡುವಿನ ಅಂತರ) ಆರು ಮೀಟರ್ ಒಳಗಿದ್ದರೆ ಅಡಿಯ ಆಧಾರ 14 ದಿನ, ಹೆಚ್ಚಿದ್ದರೆ 21 ದಿನ ಹಾಗೇ ಇರಬೇಕು. ಪಿಪಿಸಿ (ಹಾರುಬೂದಿಯಂಥ ಪೊಜೊಲಾನಾ ಬೆರೆಸಿದ) ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರು ಹಾಕಬೇಕು, ಭಾನುವಾರವೂ ಸೇರಿ. ನೀರು ಹಾಕಲು ಯಾರು ಬರುತ್ತಾರೆಂದು ಕಂಟ್ರಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹೆಂಚು 100 ಚದರಡಿಗೆ ಸುಮಾರು 150 ಬೇಕು, ಒಡೆಯುವುದಕ್ಕೆಂದು ಸ್ವಲ್ಪ ಹೆಚ್ಚೇ ತರಿಸಿ. ಬೇರೆ ಬೇರೆ ಕಾರ್ಖಾನೆಯ ಹೆಂಚು ಒಂದಕ್ಕೊಂದು ಸರಿಯಾಗಿ ಕಚ್ಚಿಕೊಳ್ಳದೆ ಸೋರುತ್ತವೆ. ಆದ್ದರಿಂದ ಒಂದು ಇಳಿಜಾರಿಗೆ ಒಂದೇ ಬಗೆ ಇರಲಿ, ನಾಲ್ಕು ಹೆಂಚು ಜೋಡಿಸಿ ನೋಡಿದ ಮೇಲೆಯೇ ರೀಪು (ಹೆಂಚು ಕೂರುವ ಅಡ್ಡ ಪಟ್ಟಿ) ಹೊಡೆಯಲಿ. ಮಾಡು ಬಿಚ್ಚುವ ದಿನವೇ ಟಾರ್ಪಾಲು ಮನೆಯಲ್ಲಿರಬೇಕು. ಮಾರ್ಚ್–ಏಪ್ರಿಲ್‌ನ ಹೂಮಳೆ ಕಾಫಿಗೆ ಒಳ್ಳೆಯದು, ತೆರೆದ ಮಾಡಿಗಲ್ಲ. ಅದರಲ್ಲಿ ಹಾಳಾಗುವ ಮರಮುಟ್ಟು, ಸಾಮಾನುಗಳ ಹೊಣೆಯೂ ಕಂಟ್ರಾಕ್ಟರದೇ ಎಂದು ಬರೆಸಿ.

ಪ್ರಶ್ನೆ: ಎಂಟು ಲಕ್ಷದ ರಿಪೇರಿಗೆ ಅರ್ಧ ಹಣ ಅಡ್ವಾನ್ಸ್ ಕೇಳುತ್ತಿದ್ದಾರೆ. ಕೊಡಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಬೇಡ. ಶುರುವಿಗೆ 80,000 ಸಾಕು. ಉಳಿದದ್ದು ಕಣ್ಣಿಗೆ ಕಾಣುವ ಹಂತಗಳಿಗೆ: ಒಡೆಯುವ ಕೆಲಸ ಮತ್ತು ಬೀಮ್ ಮುಗಿದಾಗ, ಮಾಡು ಮುಚ್ಚಿದಾಗ, ಪೈಪು ವಯರಿಂಗ್ ಪರೀಕ್ಷೆಯಾಗಿ ಪ್ಲಾಸ್ಟರಿಂಗ್ ಆದಾಗ, ಟೈಲ್ಸ್ ಪೇಂಟ್ ಆದಾಗ. ಕೊನೆಯ 40,000 ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮ ಬಳಿ ಇರಲಿ. ಸೋರುವುದು ಗೊತ್ತಾಗುವುದು ಜುಲೈಯಲ್ಲಿ. ಇದಕ್ಕೆ ಒಪ್ಪದವರಿಗೆ ಕೆಲಸ ಕೊಡಬೇಡಿ ಎಂಬುದೇ ನನ್ನ ಸಲಹೆ. ಎಕ್ಸ್‌ಟ್ರಾ ಕೆಲಸ ಏನೇ ಬಂದರೂ ದರ ಬರೆದು ಇಬ್ಬರೂ ಸಹಿ ಹಾಕಿದ ಮೇಲೆಯೇ ಶುರುವಾಗಲಿ. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲಿಂದಲೇ. ಒಡೆದ ಮಣ್ಣು, ಇಟ್ಟಿಗೆ ಸಾಗಿಸುವ ಖರ್ಚು ಯಾರದೆಂದೂ ಬರೆಯಿರಿ. ಅದನ್ನು ಇಳಿಜಾರಿನ ಅಂಚಿಗೆ ಅಥವಾ ತೋಡಿಗೆ ಸುರಿಯಲು ಖಂಡಿತ ಬಿಡಬೇಡಿ. ಮಳೆಗೆ ಆ ಸಡಿಲ ಮಣ್ಣು ಕೆಳಗಿನ ಮನೆಯವರ ಅಂಗಳಕ್ಕೆ ಜಾರುತ್ತದೆ.

ಪ್ರಶ್ನೆ: ಮಾಡಿನಿಂದ ಕೆಲಸದವರು ಬಿದ್ದರೆ ಯಾರು ಹೊಣೆ?
– ಓದುಗರು, ಗೋಣಿಕೊಪ್ಪ

ಉತ್ತರ: ಅವರನ್ನು ಕೆಲಸಕ್ಕೆ ಇಟ್ಟುಕೊಂಡ ಕಂಟ್ರಾಕ್ಟರು ಮೊದಲ ಹೊಣೆಗಾರರು. ಆದರೂ ನಿಮ್ಮ ಮೇಲೆ ಕ್ಲೇಮ್ ಬರುವುದೇ ಇಲ್ಲ ಎನ್ನಲಾಗದು. ಆದ್ದರಿಂದ ಕಾರ್ಮಿಕರಿಗೆ ಅವರು ಮಾಡಿಸಿದ ವಿಮೆಯ ಪ್ರತಿಯನ್ನು ಕೆಲಸಕ್ಕೆ ಮುಂಚೆ ಪಡೆಯಿರಿ, ಮುಗಿಯುವ ತಾರೀಖು ನೋಡಿ. ಹಳೆಯ ಪಕಾಸು (ಮಾಡಿನ ಇಳಿಜಾರು ಮರ) ಮೇಲೆ ಚೆನ್ನಾಗಿ ಕಂಡರೂ ಗೋಡೆಯ ಮೇಲೆ ಕೂತ ತುದಿಯಲ್ಲಿ ಗೆದ್ದಲು ತಿಂದಿರುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ನೋಡಿದ ಮೇಲೆಯೇ ಜನ ಹತ್ತಲಿ. ಹೆಂಚಿನ ಮೇಲೆ ನೇರ ಕಾಲಿಡದೆ ಏಣಿ ಮಲಗಿಸಿ ನಡೆಯಲಿ, ಸೊಂಟಕ್ಕೆ ಬೆಲ್ಟ್ ಇರಲಿ. ಒದ್ದೆ ಹೆಂಚಿನ ಮೇಲೆ ಪಾಚಿ ಇದ್ದರೆ ಆ ದಿನ ಯಾರೂ ಹತ್ತುವುದು ಬೇಡ.