ಬಿಡಿಸಿಕೊಳ್ಳದ ಬೋರಮಾಳ

ಬಳ್ಳಾರಿಯ ಈ ಕಲಾವಿದರಿಗೆ ಅರವತ್ತರ ಆಸುಪಾಸು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅಂಗಡಿ ಬೋರ್ಡು, ಲಾರಿಯ ಹಿಂಬದಿಯ ಅಕ್ಷರ ಬರೆದು ಬದುಕಿದವರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಅದಿರು ಲಾರಿಗಳ ಜೊತೆ ಇವರ ಕುಂಚವೂ ನಿಂತಿತು. ಉಳಿದ ಬೋರ್ಡುಗಳನ್ನು ಫ್ಲೆಕ್ಸ್ ನುಂಗಿತು. ಆ ವರ್ಷ ಗಿರವಿ ಇಟ್ಟ ಹೆಂಡತಿಯ ಚಿನ್ನದ ಗುಂಡಿನ ಸರ, ಬೋರಮಾಳ, ಮತ್ತೆ ಮನೆಗೆ ಬರಲಿಲ್ಲ. ಎರಡು ವರ್ಷದ ಹಿಂದೆ ಆಕೆ ತೀರಿಕೊಂಡರು.

ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಅವರನ್ನು ಕರೆತಂದದ್ದು ಮಗಳು. ‘ಅಪ್ಪ ರಾತ್ರಿಯಿಡೀ ಬಾಗಿಲು ಹಾಕಿಕೊಂಡು ಬರೆಯುತ್ತಾರೆ ಮೇಡಂ, ಬಣ್ಣದ ವಾಸನೆಗೆ ತಲೆ ಸಿಡಿಯುತ್ತದೆ’ ಎಂದಳು. ಅವರು ಹಳೆಯ ತಗಡೊಂದನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ಹಳದಿಯ ಮೇಲೆ ಕೆಂಪಕ್ಷರ, ಅದಕ್ಕೆ ಒಪ್ಪವಾದ ಕಪ್ಪು ನೆರಳು: ‘ಬೋರಮಾಳ ಬಿಡಿಸಿಕೊಳ್ಳಲಿಲ್ಲ’. ಅದನ್ನೇ ಬಳಿದು, ಮತ್ತೆ ಬರೆದು, ತಗಡಿನ ಮೇಲೆ ಬಣ್ಣ ರೊಟ್ಟಿಯಷ್ಟು ದಪ್ಪವಾಗಿತ್ತು.

ಮೊದಲ ಭೇಟಿಯಲ್ಲಿ ನಾನು ತಪ್ಪಿದೆ. ‘ಬರೆಯಿರಿ, ಮನಸ್ಸು ಹಗುರವಾಗುತ್ತದೆ’ ಎಂದುಬಿಟ್ಟೆ. ಅವರು ಇನ್ನಷ್ಟು ಬರೆದರು, ಇನ್ನಷ್ಟು ಇಳಿದುಹೋದರು. ಎಮ್ಮೆ ಮೆಲುಕು ಹಾಕಿದರೆ ಮೇವು ಜೀರ್ಣವಾಗುತ್ತದೆ. ಇಲ್ಲಿ ಹಾಗೆ ಆಗುತ್ತಿರಲಿಲ್ಲ. ಸಾಯುವ ಯೋಚನೆ ಬರುತ್ತದೆಯೇ ಎಂದು ಎರಡನೆಯ ಸಲ ನೇರವಾಗಿಯೇ ಕೇಳಿದೆ. ‘ಬರುತ್ತಿತ್ತು’ ಎಂದರು. ಮನೋವೈದ್ಯರ ಬಳಿ ಕಳಿಸಿದೆ. ರಾತ್ರಿ ಹೊತ್ತಿಗಿರಲೆಂದು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮಗಳ ಮೊಬೈಲ್‌ನಲ್ಲೂ ಉಳಿಸಿದೆ. (ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಒಯ್ಯುವ ನಿಮ್ಹಾನ್ಸ್ ಪ್ರಯೋಗ 1980ರ ದಶಕದಲ್ಲಿ ನಡೆದದ್ದು ಇದೇ ಜಿಲ್ಲೆಯಲ್ಲಿ. ಆದರೂ ನಮ್ಮ ಬಾಗಿಲಿಗೆ ಜನ ಇಂದಿಗೂ ಮುಖ ಮರೆಸಿಕೊಂಡೇ ಬರುತ್ತಾರೆ.)

ಬರೆಯುವುದನ್ನು ನಿಲ್ಲಿಸಿ ಎನ್ನಲಿಲ್ಲ. ಬೆಳಿಗ್ಗೆ ಮಾಳಿಗೆಯ ಮೇಲೆ, ಗಾಳಿಯಲ್ಲಿ, ಹದಿನೈದೇ ನಿಮಿಷ ಎಂದೆ. ನೋವನ್ನು ಬರೆಸುವ, ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಅವರ 1986ರ ಪ್ರಯೋಗದಲ್ಲೂ ಇದ್ದದ್ದು ದಿನಕ್ಕೆ ಹದಿನೈದು ನಿಮಿಷ, ನಾಲ್ಕು ದಿನ. ಇನ್ನೊಂದು ಮಾತು ಹೇಳಿದೆ: ಬರೆದುದರ ಮೇಲೆ ಬಣ್ಣ ಬಳಿಯಬೇಡಿ, ಆ ಸಾಲಿನ ಹಿಂದಿನ ಸಾಲು ಯಾವುದು, ಮುಂದಿನದು ಯಾವುದು, ಅದನ್ನು ಬೇರೆ ತಗಡಿನಲ್ಲಿ ಬರೆಯಿರಿ. ಯಾರೋ ಪ್ರದರ್ಶನಕ್ಕೆ ಕೇಳಿದ್ದರಂತೆ. ನಿಮ್ಮ ದುಃಖ ಮಾರಾಟಕ್ಕೆ ಸಿದ್ಧವಾಗಿದೆಯೇ ಎಂದು ನೀವೇ ನೋಡಿಕೊಳ್ಳಿ, ಅವರ ತಾರೀಖಿಗೆ ತಲೆ ಕೊಡಬೇಡಿ ಎಂದೆ. ಅವರು ಮೊದಲ ಬಾರಿ ನಕ್ಕರು.

ಐದನೆಯ ಭೇಟಿಗೆ ಮೂರು ತಗಡು ತಂದರು. ನಡುವಿನದು ಹಳೆಯದೇ. ಮೊದಲನೆಯದರಲ್ಲಿ, ನೆರಳಿಲ್ಲದ ಸಣ್ಣ ಅಕ್ಷರದಲ್ಲಿ: ‘ಕಾಲೇಜಿನ ಫೀಜಿಗೆಂದು ಅವಳೇ ಕೊರಳಿನಿಂದ ತೆಗೆದಳು. ನಾನು ಬೇಡ ಎಂದೆ.’ ಹದಿನಾಲ್ಕು ವರ್ಷ ಅವರು ಈ ಮಾತನ್ನು ಬಿಟ್ಟೇ ಕಥೆ ಹೇಳಿಕೊಂಡಿದ್ದರು. ಮೂರನೆಯ ತಗಡು ಖಾಲಿ.

ಮಗಳು ಮೊದಲನೆಯದನ್ನು ಎರಡು ಸಲ ಓದಿದಳು. ಫೀಜು ತನ್ನದೆಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಹೊರಡುವಾಗ, ಮುಂದಿನ ವಾರ ತನಗೂ ಸಮಯ ಸಿಗುತ್ತದೆಯೇ ಎಂದು ಕೇಳಿದಳು. ಮಂಗಳವಾರ ಹನ್ನೊಂದಕ್ಕೆ ಬರಹೇಳಿದ್ದೇನೆ.