ನಿಕ್ಕೆಲ್ ಎರಡನೇ ಸುತ್ತಿಗೇ ಸೋಲುವುದೇಕೆ?

ಪ್ರಶ್ನೆ: ಕೊಬ್ಬಿನಾಮ್ಲದಿಂದ ಆಮ್ಲಜನಕ ಕಳಚಿ ಇಂಧನದಂಥ ಹೈಡ್ರೋಕಾರ್ಬನ್ ಪಡೆಯಲು ನೋಡುತ್ತಿದ್ದೇನೆ. 100 ಮಿ.ಲೀ. ಆಟೋಕ್ಲೇವ್‌ನಲ್ಲಿ (ಒತ್ತಡ ತಾಳುವ ಮುಚ್ಚಿದ ಪಾತ್ರೆ) 10 ಗ್ರಾಂ ಓಲೆಯಿಕ್ ಆಮ್ಲ (ದ್ವಿಬಂಧವಿರುವ ಕೊಬ್ಬಿನಾಮ್ಲ), ದ್ರಾವಕವಾಗಿ 15 ಗ್ರಾಂ ಡೋಡೆಕೇನ್, ಅಲ್ಯೂಮಿನಾ ಮೇಲೆ ಶೇ 10ರಷ್ಟು ನಿಕ್ಕೆಲ್ ಇರುವ ವೇಗವರ್ಧಕ 1 ಗ್ರಾಂ ಹಾಕಿ, 20 ಬಾರ್ ಹೈಡ್ರೋಜನ್ ತುಂಬಿ, 300 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ಗಂಟೆ ನಡೆಸುತ್ತಿದ್ದೇನೆ. ಜಿಸಿಯಲ್ಲಿ (ಗ್ಯಾಸ್ ಕ್ರೊಮ್ಯಾಟೊಗ್ರಫಿ, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಶಿಖರಗಳಾಗಿ ತೋರಿಸುವ ವಿಧಾನ) ಬೇಕಾದ ಹೈಡ್ರೋಕಾರ್ಬನ್ ಹೆಪ್ಟಾಡೆಕೇನ್ ಕಾಣುತ್ತದೆ. ಆದರೆ ತಣ್ಣಗಾದ ಮೇಲೆ ತಳದಲ್ಲಿ ಬಿಳಿ ಗಟ್ಟಿ ಕೂರುತ್ತದೆ. ವೇಗವರ್ಧಕವನ್ನು ಸೋಸಿ, ಒಣಗಿಸಿ ಮತ್ತೆ ಹಾಕಿದರೆ ಇಳುವರಿ ಅರ್ಧಕ್ಕಿಳಿಯುತ್ತದೆ, ದ್ರವವೂ ತುಸು ಹಸಿರಾಗುತ್ತದೆ. ಪಲ್ಲೇಡಿಯಂ ಬಳಸಬೇಕೇ?

ಉತ್ತರ: ಈಗಲೇ ಬೇಡ. ಮೊದಲು ಹೈಡ್ರೋಜನ್ ಲೆಕ್ಕ ಹಾಕಿ. 10 ಗ್ರಾಂ ಓಲೆಯಿಕ್ ಆಮ್ಲ ಎಂದರೆ ಸುಮಾರು 35 ಮಿಲಿಮೋಲ್. ದ್ರವ 30 ಮಿ.ಲೀ. ಆಕ್ರಮಿಸಿದರೆ ಮೇಲೆ ಉಳಿಯುವುದು 70 ಮಿ.ಲೀ. ಕೋಣೆಯ ಉಷ್ಣತೆಯಲ್ಲಿ 20 ಬಾರ್ ತುಂಬಿದಾಗ ಆ ಜಾಗದಲ್ಲಿ ಇರುವುದು ಸುಮಾರು 56 ಮಿಲಿಮೋಲ್ ಹೈಡ್ರೋಜನ್ ಅಷ್ಟೇ. ಅದರಲ್ಲಿ 35 ಮಿಲಿಮೋಲ್ ಓಲೆಯಿಕ್‌ನ ದ್ವಿಬಂಧ ತುಂಬುವುದಕ್ಕೇ ಹೋಗುತ್ತದೆ. ಉಳಿದ 21ರಲ್ಲಿ ಆಮ್ಲಜನಕ ತೆಗೆಯಬೇಕು. ಕಾರ್ಬನ್ ಮಾನಾಕ್ಸೈಡ್ ಕಳಚಿ ಹೆಪ್ಟಾಡೆಕೇನ್ ಆಗುವ ದಾರಿಯಲ್ಲಿ ಆಮ್ಲದ ಅಣುವಿಗೊಂದು ಹೈಡ್ರೋಜನ್ ಅಣು ಬೇಕು. ನೀರಾಗಿ ಕಳಚಿ ಆಕ್ಟಾಡೆಕೇನ್ ಆಗುವ ದಾರಿಯಲ್ಲಿ ಮೂರು. ಸಾಲದೆಂಬಂತೆ, ಹೊರಬಂದ ಕಾರ್ಬನ್ ಮಾನಾಕ್ಸೈಡನ್ನು ನಿಕ್ಕೆಲ್ ಮೀಥೇನ್ ಮಾಡುತ್ತದೆ, ಅದಕ್ಕೂ ತಲಾ ಮೂರು ಹೈಡ್ರೋಜನ್ ಖರ್ಚು. ನಡುವೆಯೇ ಹೈಡ್ರೋಜನ್ ಮುಗಿದು ಆಮ್ಲ ಸ್ಟಿಯರಿಕ್ ಆಗಿ ನಿಂತುಬಿಡುತ್ತದೆ. ನಿಮ್ಮ ಬಿಳಿ ಗಟ್ಟಿ ಬಹುಪಾಲು ಅದೇ. ಸೋಸಿ ಕರಗುಬಿಂದು ನೋಡಿ: ಸ್ಟಿಯರಿಕ್ ಆಮ್ಲ 69 ಡಿಗ್ರಿಯ ಆಸುಪಾಸು ಕರಗುತ್ತದೆ. ಹೆಪ್ಟಾಡೆಕೇನ್ 22ಕ್ಕೆ, ಆಕ್ಟಾಡೆಕೇನ್ 28ಕ್ಕೆ ಕರಗುತ್ತವೆ, ಮೇಲಾಗಿ ಅವು ಡೋಡೆಕೇನ್‌ನಲ್ಲಿ ಸುಲಭವಾಗಿ ಬೆರೆತಿರುತ್ತವೆ.

ಆಮ್ಲವನ್ನು 3 ಗ್ರಾಂಗೆ, ವೇಗವರ್ಧಕವನ್ನು 0.3 ಗ್ರಾಂಗೆ ಇಳಿಸಿ, ಡೋಡೆಕೇನ್ ಹಾಗೇ ಇರಲಿ. ಆಗ ಕಾರ್ಬನ್ ಮಾನಾಕ್ಸೈಡ್ ಪೂರ್ತಿ ಮೀಥೇನ್ ಆದರೂ ಬೇಕಾಗುವುದು 53 ಮಿಲಿಮೋಲ್. 20 ಬಾರ್‌ನಲ್ಲಿ 60ರಷ್ಟು ಇರುತ್ತದೆ. ಆಮ್ಲ ಇಳಿಸದೆ 40 ಬಾರ್ ತುಂಬುವ ಮನಸ್ಸಿದ್ದರೆ ಪಾತ್ರೆಯ ಒತ್ತಡ ಮಿತಿಯನ್ನು ಮೊದಲು ಓದಿ. 300 ಡಿಗ್ರಿಯಲ್ಲಿ ಅನಿಲದ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ದ್ರವ ಹಿಗ್ಗಿ ಖಾಲಿ ಜಾಗ ಕುಗ್ಗುವುದರಿಂದ ಇನ್ನೂ ಏರುತ್ತದೆ.

ಜಿಸಿಯನ್ನೊಂದೇ ನಂಬಬೇಡಿ. ಕೊಬ್ಬಿನಾಮ್ಲವನ್ನು ಮೀಥೈಲ್ ಎಸ್ಟರ್ ಮಾಡದೆ ಚುಚ್ಚಿದರೆ ಅದರ ಶಿಖರ ಎಳೆದುಕೊಂಡು ಹೋಗಿ ಲೆಕ್ಕಕ್ಕೆ ಸಿಗುವುದಿಲ್ಲ. ಗಟ್ಟಿಯನ್ನು ಬೆಚ್ಚಗೆ ಕರಗಿಸಿಕೊಂಡೇ ಮಾದರಿ ತೆಗೆದು ಆಮ್ಲ ಸಂಖ್ಯೆಯನ್ನು (ಒಂದು ಗ್ರಾಂ ಮಾದರಿಯ ಆಮ್ಲವನ್ನು ತಟಸ್ಥಗೊಳಿಸಲು ಬೇಕಾದ ಕ್ಷಾರ) ಟೈಟ್ರೇಟ್ ಮಾಡಿ. ನಿಮ್ಮ ಈಗಿನ ಮಿಶ್ರಣದಲ್ಲಿ ಆರಂಭದ ಬೆಲೆ ಗ್ರಾಂಗೆ ಸುಮಾರು 79 ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಕೊನೆಗೆ ಎಷ್ಟು ಉಳಿದಿದೆಯೋ ಅಷ್ಟು ಆಮ್ಲ ಬಾಕಿ.

ಇನ್ನು ಹಸಿರು ಬಣ್ಣ. ಅಪಕರ್ಷಿಸಿದ (ಆಕ್ಸೈಡ್‌ನಿಂದ ಲೋಹವಾಗಿಸಿದ) ನಿಕ್ಕೆಲನ್ನು ಗಾಳಿಯಲ್ಲಿ ಒಣಗಿಸಿದೊಡನೆ ಮೇಲ್ಮೈ ಆಕ್ಸೈಡ್ ಆಗುತ್ತದೆ. ಆ ಆಕ್ಸೈಡ್ ಕೊಬ್ಬಿನಾಮ್ಲದೊಡನೆ ಕೂಡಿ ನಿಕ್ಕೆಲ್ ಸಾಬೂನಾಗಿ ದ್ರವಕ್ಕೆ ಇಳಿಯುತ್ತದೆ. ಹಸಿರು ಕಂಡರೆ ನಿಮ್ಮ ಲೋಹ ಅಲ್ಯೂಮಿನಾ ಆಧಾರವನ್ನು ಬಿಟ್ಟು ಹೋಗುತ್ತಿದೆ ಎಂದೇ ಅರ್ಥ. ಒಣ ನಿಕ್ಕೆಲ್ ಗಾಳಿಯಲ್ಲಿ ತಾನೇ ಹೊತ್ತಿಕೊಳ್ಳಲೂಬಹುದು, ಓವನ್‌ಗಂತೂ ಇಡಲೇಬೇಡಿ. ಗಾಳಿ ತಾಗದಂತೆ ನೈಟ್ರೋಜನ್ ಆವರಣದಲ್ಲೇ ದ್ರವವನ್ನು ಬಸಿದು, ವೇಗವರ್ಧಕವನ್ನು ಡೋಡೆಕೇನ್‌ನಲ್ಲಿ ಮುಳುಗಿಸಿಟ್ಟೇ ಮುಂದಿನ ಸುತ್ತಿಗೆ ಹೋಗಿ. ಆಗಲೂ ಇಳುವರಿ ಕುಸಿದರೆ ಮಸಿ ಕಟ್ಟಿದೆ: ಹೆಕ್ಸೇನ್‌ನಲ್ಲಿ ತೊಳೆದು, ನೈಟ್ರೋಜನ್ ಹರಿವಿನಲ್ಲಿ ಹೆಕ್ಸೇನ್ ಪೂರ್ತಿ ಹೋಗುವಂತೆ ಮಾಡಿ. ನೈಟ್ರೋಜನ್‌ಗೆ ಶೇ 1ರಷ್ಟು ಆಮ್ಲಜನಕ ಬೆರೆಸಿ ಶುರುಮಾಡಿ, ಆಮೇಲೆ ಗಾಳಿಗೆ ಬದಲಿಸಿ ನಿಮಿಷಕ್ಕೆ 2 ಡಿಗ್ರಿಯಂತೆ 450ಕ್ಕೆ ಏರಿಸಿ ಸುಡಿ. ಗಾಳಿಯನ್ನು ನೈಟ್ರೋಜನ್‌ನಿಂದ ಪೂರ್ತಿ ಹೊರದೂಡಿದ ಮೇಲೆ ಹೈಡ್ರೋಜನ್ ಹರಿವಿನಲ್ಲಿ 500 ಡಿಗ್ರಿಯಲ್ಲಿ 3 ಗಂಟೆ ಅಪಕರ್ಷಿಸಿ. ಅಲ್ಯೂಮಿನಾ ನಿಕ್ಕೆಲ್ ಆಕ್ಸೈಡನ್ನು ಬಿಗಿಯಾಗಿ ಹಿಡಿದಿರುತ್ತದೆ, ಹಾಗಾಗಿ ಆಟೋಕ್ಲೇವ್‌ನ 300 ಡಿಗ್ರಿ ಸಾಕಾಗದು. ಪ್ರತ್ಯೇಕ ಕೊಳವೆ ಕುಲುಮೆ ಇಲ್ಲದಿದ್ದರೆ ಶೇ 20 ನಿಕ್ಕೆಲ್ ಜೊತೆ ಶೇ 5 ತಾಮ್ರ ಸೇರಿಸಿದ ವೇಗವರ್ಧಕ ಮಾಡಿಕೊಳ್ಳಿ. ತಾಮ್ರವಿದ್ದರೆ 350 ಡಿಗ್ರಿಯಲ್ಲೇ ನಿಕ್ಕೆಲ್ ಅಪಕರ್ಷಣೆ ಆಗುತ್ತದೆ, ಇಂಗಾಲದ ಸರಪಳಿ ಅನಗತ್ಯವಾಗಿ ಒಡೆಯುವುದೂ ತಗ್ಗುತ್ತದೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾರ್ಬನ್ ಮಾನಾಕ್ಸೈಡ್ ಇರುವ ಪಾತ್ರೆ ತಣ್ಣಗಾಗುವಾಗ ನಿಕ್ಕೆಲ್ ಅದರೊಡನೆ ಸೇರಿ ನಿಕ್ಕೆಲ್ ಕಾರ್ಬೊನಿಲ್ ಆಗಬಹುದು. ಅತ್ಯಲ್ಪ ಪ್ರಮಾಣವೂ ಪ್ರಾಣಾಂತಿಕ ವಿಷ. ಪಾತ್ರೆಯನ್ನು ರಾತ್ರಿಯಿಡೀ ಹಾಗೇ ಬಿಡಬೇಡಿ. ಅನಿಲವನ್ನು ಫ್ಯೂಮ್ ಹುಡ್‌ನೊಳಗೇ ಬಿಟ್ಟು, ನಾಲ್ಕೈದು ಬಾರಿ ನೈಟ್ರೋಜನ್ ತುಂಬಿ ಹೊರಹಾಕಿದ ಮೇಲೆಯೇ ಮುಚ್ಚಳ ತೆಗೆಯಿರಿ.

ಪಲ್ಲೇಡಿಯಂ ಒಳ್ಳೆಯ ಲೋಹವೇ. ಫಿನ್ಲೆಂಡಿನ ಓಬೋ ಅಕಾಡೆಮಿಯವರು 2006ರಲ್ಲಿ ಪ್ರಕಟಿಸಿದ ಸ್ಟಿಯರಿಕ್ ಆಮ್ಲದ ಹೋಲಿಕೆಯಲ್ಲಿ ಪಲ್ಲೇಡಿಯಂ, ಪ್ಲಾಟಿನಂ ಮುಂದಿದ್ದವು, ನಿಕ್ಕೆಲ್ ಅವುಗಳ ಹಿಂದೆ. ಆದರೆ ಅದು ದ್ವಿಬಂಧವಿಲ್ಲದ ಆಮ್ಲ. ಹೈಡ್ರೋಜನ್ ಸಾಲದ ಕಡೆ ಓಲೆಯಿಕ್ ಹಾಕಿದರೆ ಪಲ್ಲೇಡಿಯಂ ಕೂಡ ಬೇಗ ಮಂಕಾಗುತ್ತದೆ.

ಪ್ರಶ್ನೆ: ಹೀಗೆ ಸಿಕ್ಕ ಹೈಡ್ರೋಕಾರ್ಬನ್ ವಿಮಾನ ಇಂಧನವಾಗುತ್ತದೆಯೇ?

ಉತ್ತರ: ನೇರವಾಗಿ ಆಗದು. 22 ಡಿಗ್ರಿಗೇ ಹೆಪ್ಪುಗಟ್ಟುವ ದ್ರವ ಇದು. ವಿಮಾನ ಇಂಧನ ಜೆಟ್ ಎ-1 ಮೈನಸ್ 47ರವರೆಗೂ ಹೆಪ್ಪುಗಟ್ಟಬಾರದು. ಸಿಟೇನ್ ಗುಣ (ಡೀಸೆಲ್ ಎಂಜಿನ್‌ನಲ್ಲಿ ಬೇಗ ಹೊತ್ತಿಕೊಳ್ಳುವ ಗುಣ) ಚೆನ್ನಾಗಿದ್ದರೂ ಡೀಸೆಲ್‌ಗೆ ಹೆಚ್ಚು ಬೆರೆಸಿದರೆ ಚಳಿಯಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಕೊಳ್ಳುತ್ತದೆ. ಸಪೋ-11 (ಸೂಕ್ಷ್ಮ ರಂಧ್ರಗಳ ಒಂದು ಖನಿಜದಂಥ ಆಧಾರ) ಮೇಲಿನ ಪ್ಲಾಟಿನಂನಂಥ ವೇಗವರ್ಧಕದಲ್ಲಿ ನೇರ ಸರಪಳಿಗೆ ಕವಲು ಮೂಡಿಸಿ, ಜೆಟ್‌ಗಾದರೆ ತುಸು ಒಡೆದು ಚಿಕ್ಕದಾಗಿಸಬೇಕು. ಆ ಹಂತಕ್ಕೆ ಹೋಗುವ ಮುನ್ನ ನೀರು, ಉಳಿದ ಆಮ್ಲ, ಕಾರ್ಬನ್ ಮಾನಾಕ್ಸೈಡ್ ಪೂರ್ತಿ ತೆಗೆಯಿರಿ. ಮೊದಲ ಹಂತದಲ್ಲಿ ಗಂಧಕ ಸೇರಿಸಿದ ನಿಕ್ಕೆಲ್-ಮಾಲಿಬ್ಡಿನಂ ಬಳಸಿದ್ದರೆ ಹೈಡ್ರೋಜನ್ ಸಲ್ಫೈಡ್ ಕೂಡ ಹೋಗಿರಬೇಕು, ಪ್ಲಾಟಿನಂ ಅದನ್ನು ತಾಳುವುದಿಲ್ಲ.